ಗ್ರನಾಡಾದ ಆ ಮಾಲಿ ಅಣ್ಣನಿಗೆ ಥ್ಯಾಂಕ್ಸ್

ಹೋದ ಜುಲೈನಲ್ಲಿ ಅಮ್ಮನ್ನ ಕರ್ಕೊಂಡು ಸ್ಪೇನಿನ ಗ್ರನಾಡಾ ಊರಲ್ಲಿರೋ ಅಲ್‌ಹಂಬ್ರಾ ಕೋಟೆ ನೋಡೋಕೆ ಹೋಗಿದ್ದೆ. ಸುಲ್ತಾನರ ಅರಮನೆ ಮುಗಿಸ್ಕೊಂಡು, ಏಳು ಅಂತಸ್ತಿನ ಬುರುಜು ಅಂತಾರಲ್ಲ, ಅದರ ಕಡೆ ನಡೀತಿದ್ವಿ, ಬಿಸಿಲು ಅಂದ್ರೆ ಬಿಸಿಲು, ಅಮ್ಮಂಗೆ ತಲೆ ಸುತ್ತಿ ದಾರೀಲೇ ಕುಸಿದು ಕೂತುಬಿಟ್ರು, ಬಾಟಲೀಲಿ ಒಂದು ಹನಿ ನೀರಿಲ್ಲ, ನಂಗೆ ಕೈಕಾಲೇ ಆಡ್ಲಿಲ್ಲ.

ಗಿಡ ಕತ್ತರಿಸ್ತಿದ್ದ ಮಾಲಿ ಒಬ್ರು ಕತ್ತರಿ ಅಲ್ಲೇ ಬಿಟ್ಟು ಓಡಿ ಬಂದ್ರು. ಅಮ್ಮನ್ನ ನೆರಳಿಗೆ ಕೂರಿಸಿ, ತಮ್ಮ ಕರ್ಚೀಫ್ ಒದ್ದೆ ಮಾಡಿ ಕುತ್ತಿಗೆ ಮೇಲಿಟ್ಟು, ತಮ್ಮ ಬಾಟಲಿ ನೀರು ಒಂದೊಂದೇ ಗುಟುಕು ಕುಡಿಸಿ, ಹುಲ್ಲಿನ ಟೋಪೀಲೇ ಗಾಳಿ ಬೀಸ್ತಾ ಕೂತ್ರು. ನಂಗೆ ಸ್ಪ್ಯಾನಿಷ್ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ. ಅಮ್ಮ ಕಣ್ಣು ಬಿಟ್ಟು ಬುರುಜಿನ ಕಡೆ ನೋಡ್ದಾಗ ಕಡ್ಡಿ ತಗೊಂಡು ಮಣ್ಣಲ್ಲಿ 1812 ಅಂತ ಬರೆದು, ಎರಡೂ ಕೈ ಮೇಲಕ್ಕೆ ಹಾರಿಸಿ "ಬೂಮ್" ಅಂದ್ರು. ನೆಪೋಲಿಯನ್ ಸೈನ್ಯ ವಾಪಸ್ ಹೋಗುವಾಗ ಸಿಡಿಮದ್ದಿಟ್ಟು ಉಡಾಯಿಸಿದ್ದು ಅದನ್ನ, ಈಗ ನಿಂತಿರೋದ್ರಲ್ಲಿ ಎಷ್ಟೋ ಭಾಗ ಆಮೇಲೆ ಕಟ್ಟಿದ್ದು. ಅಮ್ಮ ನಕ್ರು ನೋಡಿ, ಆಗ ನಂಗೆ ಹೋದ ಜೀವ ಬಂತು.

ದುಡ್ಡು ಕೊಡೋಕೆ ಹೋದ್ರೆ ಎದೆ ಮೇಲೆ ಕೈಯಿಟ್ಟು ಬೇಡ ಅಂದ್ರು, ಅಮ್ಮ ಕೊಟ್ಟ ಕೋಡುಬಳೆ ಮಾತ್ರ ತಗೊಂಡ್ರು. ಹೆಸರು ಕೇಳೋದೇ ಮರೆತೋಯ್ತು. ಅಣ್ಣಾ, ನಿಮ್ಮ ಕರ್ಚೀಫ್ ಇನ್ನೂ ಅಮ್ಮನ ಹತ್ರಾನೇ ಇದೆ, ಒಗೆದು ಮಡಚಿ ಇಟ್ಕೊಂಡಿದಾರೆ.