ಈಸೂರಿಗೆ ನಮ್ಮ ಮಕ್ಕಳನ್ನು ಕರೆದೊಯ್ಯಿರಿ: ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಸ್ವಾತಂತ್ರ್ಯ ದಿನದ ವೇದಿಕೆಗಳಲ್ಲಿ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತಿಗೆ ಚಪ್ಪಾಳೆ ಬೀಳದ ವರ್ಷವಿಲ್ಲ. ಚಪ್ಪಾಳೆ ತಟ್ಟುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಆ ಊರನ್ನು ಕಂಡಿದ್ದಾರೆ?

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಕಳೆದ ರಜೆಯಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಹೋಗಿ ಹುತಾತ್ಮರ ಸ್ಮಾರಕಕ್ಕೆ ಕೈಮುಗಿದು ಬಂದೆ. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. 1943ರ ಮಾರ್ಚ್‌ನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿದವರು ಈ ಐವರು. ನಮ್ಮ ಶಾಲೆಯ ದಾಖಲಾತಿ ಪುಸ್ತಕ ತೆರೆದರೆ ಮಕ್ಕಳ ತಂದೆ, ತಾತಂದಿರ ಹೆಸರುಗಳೂ ಇವೇ. ಗದ್ದೆ, ಕೊಟ್ಟಿಗೆ, ಮಳೆಯ ಲೆಕ್ಕದಲ್ಲಿ ಬದುಕಿದ್ದ ಜನ ನೇಣಿಗೆ ಕೊರಳೊಡ್ಡುವ ಮಟ್ಟಕ್ಕೆ ಹೇಗೆ ಗಟ್ಟಿಯಾದರು ಎಂಬುದನ್ನು ಪಠ್ಯಪುಸ್ತಕದ ನಾಲ್ಕು ಸಾಲಿನಿಂದ ನಾನು ಹೇಳಲಾರೆ.

ಮಕ್ಕಳು ಕಣ್ಣರಳಿಸಿ ಕೇಳುವ ಭಾಗ ಒಂದಿದೆ. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಕಾವೇರಿದಾಗ ಈಸೂರಿನವರು ಕಂದಾಯ ಕೊಡುವುದಿಲ್ಲ ಎಂದರು, ವೀರಭದ್ರೇಶ್ವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿಸಿದರು, ತಮ್ಮದೇ ಸರ್ಕಾರ ಕಟ್ಟಿದರು. ಆ ಸರ್ಕಾರಕ್ಕೆ ಅಮಲ್ದಾರನನ್ನೂ (ಅಂದಿನ ತಾಲ್ಲೂಕಿನ ಕಂದಾಯ ಅಧಿಕಾರಿ) ಸಬ್‌ಇನ್‌ಸ್ಪೆಕ್ಟರನನ್ನೂ ಆರಿಸಿದ್ದು ಊರಿನ ಹುಡುಗರೊಳಗಿಂದಲೇ! ಈ ಕಥೆಯನ್ನು ತರಗತಿಯಲ್ಲಿ ಹೇಳಿದ ದಿನ ಹಿಂದಿನ ಬೆಂಚಿನವರೂ ಮುಂದೆ ಬಂದು ಕೂರುತ್ತಾರೆ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ, ನಿಲ್ಲಿಸಲೂಬಾರದು. ಆ ವರ್ಷದ ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು ಪೊಲೀಸರೊಡನೆ ಊರಿಗೆ ಬಂದರು. ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು, ಕೆರಳಿದ ಜನರ ಕೈಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಸತ್ತರು. ಮುಂದಿನದು ಊರಿನ ಮೇಲೆ ಮುಗಿಬಿದ್ದ ದಬ್ಬಾಳಿಕೆ. ಗಂಡಸರು ಕಾಡು ಸೇರಿದರು, ಮನೆಗಳು ಲೂಟಿಯಾದವು, ಹೆಂಗಸರಿಗೂ ಸೆರೆವಾಸ ತಪ್ಪಲಿಲ್ಲ. ಭಾಷಣಗಳಲ್ಲಿ ಆ ಎರಡು ಸಾವುಗಳನ್ನು ಬದಿಗೆ ಸರಿಸಿಬಿಡುತ್ತೇವೆ. ಹಾಗೆ ಮಾಡಬೇಕಾಗಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದರೆ ಹುತಾತ್ಮರ ಗೌರವಕ್ಕೆ ಕುಂದು ಬರುವುದಿಲ್ಲ ಎಂದು ನಾನು ನಂಬಿದ್ದೇನೆ. ಆ ಸಾವುಗಳಿಗಾಗಿ ಐವರನ್ನು ಗಲ್ಲಿಗೇರಿಸಿದ್ದು ಮೈಸೂರು ಸಂಸ್ಥಾನದ ಸರ್ಕಾರ, ಸತ್ತ ಅಧಿಕಾರಿಗಳೂ ನಮ್ಮವರೇ. ಸ್ವಾತಂತ್ರ್ಯಕ್ಕೆ ಎಂಥ ಬೆಲೆ ತೆತ್ತೆವು ಎಂಬುದು ಹತ್ತನೆಯ ತರಗತಿಯ ಮಗುವಿಗೆ ಅರ್ಥವಾಗುವುದು ಈ ಬಿಕ್ಕಟ್ಟಿನ ಮುಂದೆ ನಿಂತಾಗಲೇ.

ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ಭಾಗದ ಶಾಲೆಗಳು ಶೈಕ್ಷಣಿಕ ಪ್ರವಾಸಕ್ಕೆ ಬಳ್ಳಿಗಾವಿಗೆ, ತಾಳಗುಂದಕ್ಕೆ ಹೋಗುತ್ತವೆ. ಅವೂ ಶಿಕಾರಿಪುರ ತಾಲ್ಲೂಕಿನವೇ. ಶಾಸನ ನೋಡಿ, ಗುಡಿ ನೋಡಿ, ಈಸೂರನ್ನು ಬಿಟ್ಟು ಬಸ್ಸು ಹಿಂದಿರುಗುತ್ತದೆ. ನಮ್ಮ ಕ್ಷೇತ್ರದ ಪ್ರತಿ ಸರ್ಕಾರಿ ಪ್ರೌಢಶಾಲೆಯ ಪ್ರವಾಸದಲ್ಲಿ ಈಸೂರು ಇರುವಂತೆ ಶಿಕ್ಷಣ ಇಲಾಖೆಯೊಡನೆ ಮಾತನಾಡಿ. ಬಸ್ಸಿನ ದುಡ್ಡು ಹೊಂದಿಸಲಾಗದೆ ಮನೆಯಲ್ಲೇ ಉಳಿಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರ ಪಾಲನ್ನು ಭರಿಸುವ ದಾರಿ ಹುಡುಕಿ. ಊರಿನ ಹಿರಿಯರು ತಮ್ಮ ಮನೆಗಳಲ್ಲಿ ಕೇಳಿ ಬೆಳೆದದ್ದನ್ನು ಮಕ್ಕಳ ಮುಂದೆ ಕುಳಿತು ಹೇಳುವಂತೆ ಏರ್ಪಾಡಾದರೆ ಇನ್ನೂ ಒಳ್ಳೆಯದು. ಈ ಕೆಲಸ ತಡವಾದಷ್ಟೂ ಹೇಳುವವರು ಕಡಿಮೆಯಾಗುತ್ತಾರೆ.

ಮೊದಲ ಬಸ್ಸಿನಲ್ಲಿ ನೀವೂ ಬನ್ನಿ. ಶಾಮಿಯಾನ, ಧ್ವನಿವರ್ಧಕ, ಸನ್ಮಾನ ಯಾವುದೂ ಬೇಡ. ಮಕ್ಕಳ ಜೊತೆ ನೆಲದ ಮೇಲೆ ಕುಳಿತು ಅವರು ಕೇಳುವ ಪ್ರಶ್ನೆಗಳನ್ನು ಕೇಳಿಸಿಕೊಳ್ಳಿ. ದಿನ ಯಾವುದೆಂದು ತಿಳಿಸಿದರೆ ನಮ್ಮ ಶಾಲೆಯ ಮಕ್ಕಳನ್ನು ನಾನು ಸಿದ್ಧಗೊಳಿಸುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಶಿಕ್ಷಕಿ