ಕ್ರಯಪತ್ರ ಬರೆಯುವವನಿಗೆ ಕಥೆ ಬರೆಯುವ ಆಸೆ ಏಕೆ?

ಮಾನ್ಯ ಸಂಪಾದಕರೇ,

ವೃತ್ತಿಯಿಂದ ವಕೀಲರಾದ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ, ಕಂಡಕಂಡವರಿಗೆಲ್ಲ ಲೇಖಕರಾಗುವ ಚಪಲ ಹತ್ತಿದೆ, ಅದರ ಹಿಂದಿರುವುದು ಹೆಸರಿನ ಆಸೆಯಷ್ಟೇ ಎಂಬ ಮಾತು ನಮ್ಮ ಕಡೆಯ ಸಾಹಿತ್ಯಾಸಕ್ತರ ಬಾಯಲ್ಲಿ ಆಗಾಗ ಕೇಳಿಬರುತ್ತಿದೆ. ಹೆಸರಿನ ಆಸೆ ನನಗಿಲ್ಲವೆಂದರೆ ಸುಳ್ಳಾದೀತು. ಆದರೆ ಕಥೆ ಬರೆಯಬೇಕೆಂಬ ನನ್ನ ಹಂಬಲ ಹುಟ್ಟಿದ್ದು ಪ್ರಶಸ್ತಿಯ ಸುದ್ದಿಯಿಂದಲ್ಲ, ನನ್ನ ಹೊಟ್ಟೆಪಾಡಿನ ಕೆಲಸದಿಂದ.

ನಾನು ತಿಪಟೂರು ಸೀಮೆಯಲ್ಲಿ ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಮರಣಶಾಸನಗಳನ್ನು ಬರೆದುಕೊಡುವ, ಪರವಾನಗಿ ಪಡೆದ ಪತ್ರ ಬರಹಗಾರ. ಈ ವೃತ್ತಿಯಲ್ಲಿ ನಾನು ಬರೆಯುವುದೆಲ್ಲವೂ ‘ನಾನು’ ಎಂದೇ ಇರುತ್ತದೆ. ಆ ‘ನಾನು’ ಒಮ್ಮೆಯೂ ನಾನಾಗಿರುವುದಿಲ್ಲ. ‘ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ ಬರೆಸಿಕೊಟ್ಟ’ ಎಂದು ಬರೆಯುವಾಗ ಎದುರಿನ ಬೆಂಚಿನಲ್ಲಿ ಕುಳಿತವರ ಮುಖದಲ್ಲಿ ಒತ್ತಾಯವೂ ಕಾಣುತ್ತದೆ, ಸ್ವಸ್ಥವಲ್ಲದ ಚಿತ್ತವೂ ಕಾಣುತ್ತದೆ. ‘ಸಂಸಾರದ ಅಡಚಣೆಯ ನಿಮಿತ್ತ’ ಎಂಬ ಮೂರು ಪದಗಳೊಳಗೆ ಮಗಳ ಮದುವೆ, ಆಸ್ಪತ್ರೆಯ ಬಿಲ್ಲು, ಕುಡಿತ, ಕೊಳವೆಬಾವಿಯ ಸಾಲ ಎಲ್ಲವೂ ಅಡಗಿಹೋಗುತ್ತವೆ. ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲಿ ಮಾತ್ರ ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನೂ, ಅಂದರೆ ಎಲ್ಲೆಗಳನ್ನೂ, ತೋಟದ ತೆಂಗಿನ ಮರಗಳನ್ನೂ ಒಂದನ್ನೂ ಬಿಡದೆ ಬರೆಯಬೇಕು.

ನನ್ನನ್ನು ಹೆಚ್ಚು ಕಾಡುವುದು ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರಗಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ನಮ್ಮ ರಾಜ್ಯ 1994ರಲ್ಲಿಯೇ ಕೊಟ್ಟಿತ್ತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕಾನೂನು ಇಷ್ಟು ದೂರ ನಡೆದುಬಂದದ್ದರ ಫಲವಾಗಿ, ಹಿಂದೆ ಯಾರೂ ಕೇಳದಿದ್ದ ಅಕ್ಕತಂಗಿಯರ ಸಹಿ ಈಗ ಕೊಳ್ಳುವವರಿಗೂ ಸಾಲ ಕೊಡುವ ಬ್ಯಾಂಕಿಗೂ ಬೇಕಾಗಿದೆ. ಹಾಗಾಗಿ ಅವರನ್ನು ಕಾರು ಮಾಡಿ ಕರೆತರುತ್ತಾರೆ, ಹೋಟೆಲಿನಲ್ಲಿ ತಿಂಡಿ ಕೊಡಿಸುತ್ತಾರೆ, ‘ಅರಿಶಿನ ಕುಂಕುಮದ ಬಾಬ್ತು’ ಎಂದು ಒಂದು ಮೊತ್ತವನ್ನು ಕಾಣಿಸಿ, ‘ಪ್ರೀತಿ ವಿಶ್ವಾಸದಿಂದ ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ’ ಎಂದು ನನ್ನಿಂದ ಬರೆಸುತ್ತಾರೆ. ಕೆಲವರ ವಿಷಯದಲ್ಲಿ ಆ ಮಾತು ನೂರಕ್ಕೆ ನೂರು ನಿಜ ಎಂಬುದನ್ನೂ ಹೇಳಬೇಕು. ತವರಿನ ಬಾಗಿಲು ಮುಚ್ಚಬಾರದೆಂದು ಸಹಿ ಹಾಕುವವರೂ ಇದ್ದಾರೆ. ಇಬ್ಬರ ಪತ್ರದಲ್ಲಿಯೂ ನಾನು ಬರೆಯುವ ಸಾಲು ಒಂದೇ. ಆ ಸಾಲು ಎರಡು ಬದುಕುಗಳನ್ನು ಒಂದೇ ಆಗಿಸಿಬಿಡುತ್ತದೆ ಎಂಬ ಇರುಸುಮುರುಸೇ ನಾನು ಬರಹಗಾರನಾಗಬಯಸಲು ಮೊದಲ ಕಾರಣ.

ಇದನ್ನೆಲ್ಲ ಲೇಖನವಾಗಿ ಬರೆಯಬಹುದಲ್ಲ ಎಂದು ಸ್ನೇಹಿತರು ಕೇಳುತ್ತಾರೆ. ನನ್ನ ಮುಂದೆ ಕುಳಿತವರು ನನ್ನನ್ನು ನಂಬಿ ಮನೆಯ ಗುಟ್ಟನ್ನು ಬಿಚ್ಚಿಟ್ಟವರು. ಒಬ್ಬರ ಊರು, ಸರ್ವೆ ನಂಬರು ಸುಳಿದರೂ ಅದು ದ್ರೋಹವಾಗುತ್ತದೆ. ಕಥೆಯಲ್ಲಾದರೆ ಹೆಸರು, ಊರು, ನೆಂಟಸ್ತಿಕೆ ಎಲ್ಲವನ್ನೂ ಬದಲಿಸಿ ಆ ಬೆಂಚಿನ ಮೇಲಿನ ಮೌನವೊಂದನ್ನು ಹಾಗೆಯೇ ಉಳಿಸಿಕೊಳ್ಳಬಹುದು.

ನಮ್ಮಂಥವರು ಸಾಹಿತ್ಯಕ್ಕೆ ಪೂರ್ತಿ ಹೊರಗಿನವರೇನೂ ಅಲ್ಲ ಎಂದು ಸ್ವಲ್ಪ ಜಂಭದಿಂದಲೇ ನೆನಪಿಸುತ್ತೇನೆ. ಕನ್ನಡ ನುಡಿಯ ಚರಿತ್ರೆ ಹೇಳುವವರು ಮೊದಲು ತೆಗೆಯುವ ಹಲ್ಮಿಡಿ ಶಾಸನವೂ ಒಂದು ದಾನಪತ್ರವೇ. ಅನೇಕ ಶಾಸನಗಳ ಕೊನೆಗೆ ಬರೆದ ಸೇನಬೋವನ ಹೆಸರಿದೆ. ಇಂದಿನ ಪತ್ರಗಳ ಕೊನೆಗೆ ‘ಬಿಕ್ಕಲಂ’, ಅಂದರೆ ಪತ್ರ ಬರೆದವರು, ಎಂದು ನಮ್ಮ ರುಜು ಬೀಳುತ್ತದೆ.

ಇನ್ನೊಂದು ಕಾರಣ ಲೌಕಿಕವಾದದ್ದು. 2023ರಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಜನ ತಾವೇ ಕಂಪ್ಯೂಟರಿನಲ್ಲಿ ವಿವರ ತುಂಬಿ ಪತ್ರವನ್ನು ಸಲ್ಲಿಸಬಹುದಾಗಿದೆ. ಜನರಿಗೆ ಅನುಕೂಲವೇ, ದೂರಲಾರೆ. ನಮಗೆ ಕೆಲಸ ಕಡಿಮೆಯಾಗಿ ಮಧ್ಯಾಹ್ನದ ಬಿಡುವು ಹೆಚ್ಚಿದೆ. ಆ ಬಿಡುವಿನಲ್ಲಿಯೇ ಬರೆಯುತ್ತಿದ್ದೇನೆ.

ಈಗ ಬರೆಯುತ್ತಿರುವ ಕಥೆಯಲ್ಲಿ ಅಕ್ಕ ಸಹಿ ಹಾಕುತ್ತಾಳೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಅವಳ ಪರವಾಗಿ ಬರೆಯುವುದು ನನಗೆ ಕಷ್ಟವೆನಿಸುತ್ತಿಲ್ಲ, ಕಷ್ಟವಾಗುತ್ತಿರುವುದು ತಮ್ಮನ ವಿಷಯ. ನುಸಿಪೀಡೆ ಬಿದ್ದ ತೋಟವನ್ನು ಬಿಡದೆ ಉಳಿಸಿಕೊಂಡವನು, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡವನು ಅವನೇ. ಅಕ್ಕನಿಂದ ಸಹಿ ಕೇಳುವಾಗ ಅವನಿಗೆ ನಾಚಿಕೆಯೂ ಇದೆ, ಕೇಳುವ ಅಧಿಕಾರ ತನಗಿದೆ ಎಂಬ ಸಿಟ್ಟೂ ಇದೆ. ಅವನನ್ನು ಖಳನನ್ನಾಗಿ ಮಾಡದೆ ಆ ಪುಟವನ್ನು ಬರೆಯಲು ಸಾಧ್ಯವಾದರೆ ಕಥೆಯನ್ನು ತಮ್ಮ ಭಾನುವಾರದ ಪುರವಣಿಗೆ ಕಳುಹಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಪತ್ರ ಬರಹಗಾರ, ತಿಪಟೂರು ತಾಲ್ಲೂಕು