ಅಡಿಗಲ್ಲಿಗೆ ಬಣ್ಣ ಬಳಿಯಬೇಡಿ

ಮಾನ್ಯರೇ,

ಹುಬ್ಬಳ್ಳಿಯ ಆಟೊದವರಿಗೆ ‘ಬಿವಿಬಿ’ ಎಂದರೆ ಸಾಕು, ವಿದ್ಯಾನಗರಕ್ಕೆ ತಂದು ಇಳಿಸುತ್ತಾರೆ. ಅದು ಬಸಪ್ಪ ವೀರಪ್ಪ ಭೂಮರಡ್ಡಿ ಎಂಬ ದಾನಿಯ ಹೆಸರೆಂದು ಬಲ್ಲವರು ಕಡಿಮೆ. ಕೆಎಲ್‌ಇ ಸಂಸ್ಥೆ 1947ರಲ್ಲಿ ಆರಂಭಿಸಿದ ಈ ಎಂಜಿನಿಯರಿಂಗ್ ಕಾಲೇಜು ಹಿಂದೆ ಕರ್ನಾಟಕ ವಿಶ್ವವಿದ್ಯಾಲಯದ, ಆಮೇಲೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯಲ್ಲಿತ್ತು. ಈಗ ಅದೇ ಒಂದು ವಿಶ್ವವಿದ್ಯಾಲಯ. ಸಂಸ್ಥೆಯ ಹೆಸರು ಬದಲಾಗಲಿ, ತಪ್ಪಿಲ್ಲ. ಆದರೆ ಕಟ್ಟಡದ ಹೆಸರು, ಇತಿಹಾಸ ಗೋಡೆಯ ಶಿಲಾಫಲಕದ ಮೇಲೇ ಉಳಿಯಬೇಕು.

ಕಾಲೇಜಿನ ವರ್ಷವನ್ನೇ ಕಟ್ಟಡದ ವರ್ಷವೆಂದು ಬರೆಯುವುದು ಎಲ್ಲೆಡೆ ಕಾಣುವ ತಪ್ಪು. ಧಾರವಾಡದ ಕರ್ನಾಟಕ ಕಾಲೇಜು 1917ರದು, ಅದರ ಮುಖ್ಯ ಕಟ್ಟಡ ಅದಕ್ಕೂ ಹಳೆಯದು. ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ಐಐಟಿ ಧಾರವಾಡ 2016ರಲ್ಲಿ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ) ಆವರಣದಲ್ಲಿ ಶುರುವಾಯಿತು, ಚಿಕ್ಕಮಲ್ಲಿಗವಾಡದ ಸ್ವಂತ ಕಟ್ಟಡಗಳ ಉದ್ಘಾಟನೆ 2023ರಲ್ಲಿ. ಹಾಗಾಗಿ ಫಲಕದಲ್ಲಿ ಅಡಿಗಲ್ಲು, ಉದ್ಘಾಟನೆ, ವಿಸ್ತರಣೆಯ ವರ್ಷಗಳು ಬೇರೆಬೇರೆಯಾಗಿ ಇರಲಿ. ದಾನಿಯ ಪೂರ್ಣ ಹೆಸರಿನ ಜೊತೆ ನಕ್ಷೆ ಮಾಡಿದವರ ಹೆಸರೂ ಇರಲಿ. ಉದ್ಘಾಟಿಸಿದ ಮಂತ್ರಿಯ ಹೆಸರಂತೂ ಯಾರೂ ಮರೆಯುವುದಿಲ್ಲ! ಆಡಳಿತ ಮಂಡಳಿಯ ಠರಾವು, ಮಂಜೂರಾದ ನಕ್ಷೆ, ಗುತ್ತಿಗೆದಾರನ ಕೊನೆಯ ಬಿಲ್ಲು ಮೂರನ್ನೂ ತಾಳೆ ನೋಡಿಯೇ ಕೆತ್ತಿಸಬೇಕು.

ಹಳೆಯ ಕಲ್ಲುಗಳು ಹಾಳಾಗುವುದು ಹೆಚ್ಚಾಗಿ ನವೀಕರಣದ ಹೊತ್ತಿಗೇ. ಗೋಡೆಗೆ ಬಳಿಯುವ ಬಣ್ಣ ಕಲ್ಲಿನ ಮೇಲೂ ಹರಿದು, ಎರಡು–ಮೂರು ಸಲಕ್ಕೆ ಕೆತ್ತನೆ ತುಂಬಿಬಿಡುತ್ತದೆ. ಅದನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಅಕ್ಷರದ ಅಂಚು ಸವೆಯುತ್ತದೆ; ಆ್ಯಸಿಡ್ ಸುರಿದರೆ ಅಮೃತಶಿಲೆ ಕರಗುತ್ತದೆ, ಗ್ರಾನೈಟ್‌ನೊಳಗಿನ ಕಬ್ಬಿಣದ ಅಂಶ ಹಳದಿ ಕಲೆಯಾಗಿ ಹೊರಬರುತ್ತದೆ. ಬಣ್ಣ ತೆಗೆಯುವ ದ್ರಾವಣವನ್ನು ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ಬಣ್ಣ ಮೆತ್ತಗಾದ ಮೇಲೆ ಮರದ ಚೂಪುಕಡ್ಡಿಯಿಂದ ಬಿಡಿಸಿ, ನೀರಿನಲ್ಲಿ ತೊಳೆಯಬೇಕು.

ಹೊಸ ಫಲಕಕ್ಕೆ ನಮ್ಮ ಇಳಕಲ್ಲಿನ ಗ್ರಾನೈಟ್ ಸಾಕು. ಅಕ್ಷರ ಕನಿಷ್ಠ 15 ಮಿ.ಮೀ. ಎತ್ತರ, 3 ಮಿ.ಮೀ. ಆಳ ಇರಲಿ, ಅಂಟಿಸಿದ ಅಕ್ಷರ ಬೇಡ, ಒಂದೊಂದಾಗಿ ಉದುರುತ್ತವೆ. ಕಬ್ಬಿಣದ ಮೊಳೆಯಂತೂ ಬೇಡವೇ ಬೇಡ. ಮಳೆನೀರಿಗೆ ತುಕ್ಕು ಹಿಡಿದು ಉಬ್ಬಿ, ಕಲ್ಲಿನ ಮೂಲೆಯನ್ನೇ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ಬಳಸಬೇಕು.

ಬೇಸಿಗೆ ರಜೆಯ ಬಣ್ಣದ ಕೆಲಸಕ್ಕೆ ಟೆಂಡರ್ ಕರೆಯುವಾಗ ಹುಬ್ಬಳ್ಳಿ, ಗದಗ, ಹಾವೇರಿಯ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳು ಒಂದು ಷರತ್ತು ಸೇರಿಸಲಿ: ಶಿಲಾಫಲಕದ ಫೋಟೊ ತೆಗೆದು, ಅದನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದ ಮೇಲೆಯೇ ಬ್ರಷ್ ಹಿಡಿಯತಕ್ಕದ್ದು.

– ನಿವೃತ್ತ ಸಿವಿಲ್ ಎಂಜಿನಿಯರುಗಳು, ಹುಬ್ಬಳ್ಳಿ